ದೀಪ ಹಚ್ಚಿದ ಮೇಲಿನ ಹೆಸರು

ಹಿಂದೆ, ಎಷ್ಟು ಹಿಂದೆ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲದಷ್ಟು ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಆಗರಕೇರಿ ಎಂಬ ಊರಿತ್ತು. ಆ ಊರಿನಲ್ಲಿ ಬುದವಂತಿ ಎಂಬ ಹೆಂಗಸಿದ್ದಳು. ಊರಿನವರೆಲ್ಲ ಉಪ್ಪು ಬೆಳೆಯುವವರು. ಭರತದಲ್ಲಿ, ಅಂದರೆ ಸಮುದ್ರ ಉಬ್ಬಿದಾಗ, ಒಳಬಂದ ನೀರನ್ನು ಕಟ್ಟೆ ಹಾಕಿ ಪಾತಿಗಳಲ್ಲಿ ನಿಲ್ಲಿಸಬೇಕು, ಬಿಸಿಲಿಗೆ ಬಿಡಬೇಕು, ಹರಳುಗಟ್ಟಿದ ಮೇಲೆ ಹಲಗೆಯಿಂದ ಎಳೆದು ರಾಶಿ ಹಾಕಬೇಕು. ಪಾತಿಗಳ ಆ ಬಯಲಿಗೆ ಆಗರ ಎಂದು ಹೆಸರು. ಬುದವಂತಿಯೂ ಹುಟ್ಟಿದಾಗಿನಿಂದ ಆಗರದವಳೇ. ಆದರೆ ಜನ ಅವಳನ್ನು ನೆನೆಯುವುದು ಉಪ್ಪಿನ ಕೆಲಸಕ್ಕಲ್ಲ, ಮಕ್ಕಳ ಮೂಗಿಗೆ.

ಕೆಲವು ಮಕ್ಕಳ ನೆಗಡಿ ಬಂದು ಹೋಗುವ ನೆಗಡಿಯಲ್ಲ. ಬಂದದ್ದು ಹೋಗುವುದೇ ಇಲ್ಲ. ಮೂಗಿನಿಂದ ನೀರಿಳಿಯುವುದು ನಿಂತು ಸಿಂಬಳ ಹಳದಿಗೆ ತಿರುಗುತ್ತದೆ, ಹಸಿರಿಗೆ ತಿರುಗುತ್ತದೆ. ಹಣೆ ನೋಯುತ್ತದೆ, ಬಗ್ಗಿದರೆ ಕಣ್ಣಿನ ಹಿಂದೆ ಭಾರವಾಗುತ್ತದೆ, ಬಾಯಿ ವಾಸನೆ ಬರುತ್ತದೆ. ಮಗು ಬಾಯಿ ತೆರೆದುಕೊಂಡೇ ಮಲಗುತ್ತದೆ, ಬಾಯಿ ತೆರೆದುಕೊಂಡೇ ಏಳುತ್ತದೆ. ಎಂಟು ದಿನ ಚೆನ್ನಾಗಿದ್ದು ಒಂಬತ್ತನೆಯ ದಿನ ಮತ್ತೆ ಜ್ವರ. ಈಗ ನಾವು ಸೈನಸ್ ಎನ್ನುವುದು ಇದನ್ನೇ. ಆಗರಕೇರಿಯವರು ಹಳಸಿದ ನೆಗಡಿ ಎನ್ನುತ್ತಿದ್ದರು.

ಬುದವಂತಿ ಅಂಗಳದಲ್ಲಿ ನಿಂತು ಒಳಗೆ ಮಲಗಿದ ಮಗುವಿನ ಉಸಿರು ಕೇಳಿಯೇ ಯಾವ ಹೊಳ್ಳೆ ಕಟ್ಟಿದೆ ಎಂದು ಹೇಳುತ್ತಿದ್ದಳಂತೆ. ಹೊಳೆಯಾಚೆಯ ಮನೆಯಲ್ಲಿ ಮಗು ಗೊರಕೆ ಹೊಡೆದರೆ ಈಚೆ ದಡದಲ್ಲಿ ಅವಳಿಗೆ ಎಚ್ಚರವಾಗುತ್ತಿತ್ತಂತೆ. ಅಂಗಳದ ಮಾತು ನಿಜವಿರಬಹುದು. ಹೊಳೆಯಾಚೆಯದು ಆಮೇಲೆ ಸೇರಿಸಿದ್ದು.

ಅವಳ ಕ್ರಮ ಇಷ್ಟೇ. ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ, ಪುಟ್ಟ ಗಿಂಡಿಯಲ್ಲಿ ಉಗುರುಬೆಚ್ಚಗಿನ ನೀರು ಹಿಡಿದು ಮಗುವಿನ ಮನೆಗೆ ಬರುತ್ತಿದ್ದಳು. ಮಗುವನ್ನು ಮುಂದಕ್ಕೆ ಬಗ್ಗಿಸಿ, ತಲೆ ಓರೆ ಮಾಡಿ, ಬಾಯಿ ತೆರೆದು 'ಆ' ಎನ್ನು ಎಂದು ಹೇಳಿ, ಗಿಂಡಿಯ ಮೂತಿಯನ್ನು ಮೇಲಿನ ಹೊಳ್ಳೆಗೆ ಇಡುತ್ತಿದ್ದಳು. ನೀರು ಒಂದು ಹೊಳ್ಳೆಯಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಿತ್ತು, ಕೊಳೆಯನ್ನೆಲ್ಲ ಹೊತ್ತುಕೊಂಡು. ಆಮೇಲೆ ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ತೆಗೆಸುವುದು, ಹಣೆಗೆ ಬಿಸಿಬಟ್ಟೆಯ ಕಾವು ಕೊಡುವುದು. ಹೀಗೆ ಮೂರು ತಿಂಗಳು. ಒಂದು ಹೊತ್ತೂ ತಪ್ಪುವಂತಿಲ್ಲ.

ಎಂಟು ದಿನಕ್ಕೆ ಮೂಗು ತೆರೆದರೆ ತಾಯಂದಿರು ಸಾಕು ಎನ್ನುತ್ತಿದ್ದರು. ಆಗ ಬುದವಂತಿ ಸುಮ್ಮನಿರುತ್ತಿರಲಿಲ್ಲ.

"ನಿನ್ನೆ ಅಂಗಳ ಗುಡಿಸಿದ್ದೀ ಅಂತ ಇವತ್ತು ಬಿಟ್ಟಿದ್ದೀಯೇನೇ? ನಿನ್ನ ಮಗಳ ಮೂಗು ನಿನ್ನ ಅಂಗಳಕ್ಕಿಂತ ಕಡೆಯಾ?" ಎನ್ನುತ್ತಿದ್ದಳಂತೆ.

ಗಿಂಡಿಯಲ್ಲಿ ಇದ್ದದ್ದು ಉಪ್ಪುನೀರು. ಬೇರೇನೂ ಅಲ್ಲ. ಕುದಿಸಿ ಆರಿಸಿದ ನೀರಿಗೆ ಮೂರು ಬೆರಳಿನಲ್ಲಿ ಹಿಡಿಯುವಷ್ಟು ಉಪ್ಪು. ಆಗರದ ಕಾಲುವೆಯಲ್ಲಿ ಬಿದ್ದೆದ್ದು ಮೂಗಿಗೆಲ್ಲ ಉಪ್ಪುನೀರು ಹತ್ತಿಸಿಕೊಂಡ ಮಕ್ಕಳು ಅಂದು ಹಗುರಾಗಿ ನಿದ್ರೆ ಮಾಡುವುದನ್ನು ಕಂಡು ಅವಳು ಇದನ್ನು ಕಲಿತಿದ್ದಳು. ಆದರೆ ಮದ್ದಿನ ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ ಎಂದು ಆ ಕಾಲದ ನಂಬಿಕೆ. ಅವಳು ನೀರನ್ನು ತನ್ನ ಮನೆಯಲ್ಲೇ ಬೆರೆಸಿ ತರುತ್ತಿದ್ದಳು. ಗಿಂಡಿಯಲ್ಲಿ ಏಳು ಬೇರಿನ ರಸವಿದೆ ಎಂದು ಜನ ಮಾತಾಡಿಕೊಂಡರೆ ಅವಳು ಅಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಒಳಗೊಳಗೇ ಹಿಗ್ಗುತ್ತಿದ್ದಳು. ಅವಳಲ್ಲಿ ತಪ್ಪಿದ್ದರೆ ಇದು ಮೊದಲನೆಯದು.

ಆ ಊರಿಗೆ ಘಟ್ಟದ ಮೇಲಿನಿಂದ ಒಬ್ಬ ಸೊಸೆ ಬಂದಳು. ಹೆಸರು ನೀಲವ್ವ. ಅವಳ ತಂದೆ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಹೋಗಲು ವರ್ಷಕ್ಕೊಮ್ಮೆ ಇಳಿದು ಬರುತ್ತಿದ್ದ. ಹಾಗೆ ಬಂದವನು ಮಂಕಾಳಮ್ಮ ಎಂಬವಳ ಹಿರಿಯ ಮಗನಿಗೆ ಮಗಳನ್ನು ಕೊಟ್ಟು ಹೋದ. ಗಂಡ ಉಪ್ಪು ಸಾಗಿಸುವ ಮಚವೆ ದೋಣಿಯಲ್ಲಿ ದುಡಿಯುವವನು, ತಿಂಗಳಲ್ಲಿ ಇಪ್ಪತ್ತು ದಿನ ನೀರಿನ ಮೇಲೆ. ಮೈದುನ ಇನ್ನೂ ಚಿಕ್ಕ ಹುಡುಗ. ಮನೆಗೆಲಸಕ್ಕೆ ಅತ್ತೆ ಸೊಸೆ ಇಬ್ಬರೇ.

ಬಂದ ಮೂರನೆಯ ದಿನ ಅತ್ತೆ, ಕಾಯಿ ತುರಿದಿಡು ಎಂದು ಹೇಳಿ ಆಗರಕ್ಕೆ ಹೋದಳು. ಕರಾವಳಿಯಲ್ಲಿ ಬರಿಯ ಕಾಯಿ ಎಂದರೆ ತೆಂಗಿನಕಾಯಿ. ನೀಲವ್ವನ ಕಡೆ ಕಾಯಿ ಎಂದರೆ ತರಕಾರಿ. ಅವಳು ಮನೆಯಲ್ಲಿದ್ದ ನಾಲ್ಕು ಸೌತೆಕಾಯಿಯನ್ನೂ ತುರಿದು ಮುಚ್ಚಿಟ್ಟಳು. ಮಂಕಾಳಮ್ಮ ಆ ತಟ್ಟೆಯನ್ನು ಹಿಡಿದುಕೊಂಡು ಕೇರಿಯ ಮನೆ ಮನೆಗೂ ತೋರಿಸಿ ಬಂದಳಂತೆ. ಊರೆಲ್ಲ ನಕ್ಕಿತು. ಬುದವಂತಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. "ಸೌತೆಕಾಯಿ ಸೊಸೇ, ಇವತ್ತು ಎಂತ ತುರಿದೆ?" ಎಂದು ಬಾವಿಕಟ್ಟೆಯಲ್ಲಿ ವರ್ಷಗಟ್ಟಲೆ ಕೇಳಿದರು. ಅದರಲ್ಲಿ ಕೇಡಿನ ಮನಸ್ಸು ಇರಲಿಲ್ಲ. ಆದರೆ ನೀಲವ್ವ ಅಂದಿನಿಂದ ಅರ್ಥವಾಗದ ಮಾತನ್ನು ಇನ್ನೊಮ್ಮೆ ಕೇಳುವುದನ್ನು ಬಿಟ್ಟಳು. ತಲೆಯಾಡಿಸಿ, ತನಗೆ ತಿಳಿದಂತೆ ಮಾಡುತ್ತಿದ್ದಳು.

ಅವಳಿಗೆ ಒಬ್ಬಳು ಮಗಳು ಹುಟ್ಟಿದಳು, ಸಾತು ಎಂದು. ಐದು ತುಂಬುವ ಹೊತ್ತಿಗೆ ಸಾತುವಿಗೆ ಹಳಸಿದ ನೆಗಡಿ ಹಿಡಿಯಿತು. ಒಂದು ಮಳೆಗಾಲ ಪೂರ್ತಿ, ಆಮೇಲೆ ಚಳಿಗಾಲ ಪೂರ್ತಿ. ಮುಖ ಊದಿ, ಕಣ್ಣಿನ ಕೆಳಗೆ ಕಪ್ಪಾಗಿ, ಅನ್ನದ ರುಚಿ ಹತ್ತದೆ ಮಗು ಒಣಗುತ್ತ ಹೋಯಿತು. ನೀಲವ್ವ ಮಗಳನ್ನು ಎದೆಗೆ ಒರಗಿಸಿಕೊಂಡು ಕೂತೇ ನಿದ್ರೆ ಮಾಡುತ್ತಿದ್ದಳು, ಮಲಗಿಸಿದರೆ ಅದಕ್ಕೆ ಉಸಿರು ಸಿಗುತ್ತಿರಲಿಲ್ಲವಾದ್ದರಿಂದ.

ಬುದವಂತಿ ಗಿಂಡಿ ಹಿಡಿದು ಬರತೊಡಗಿದಳು. ಮೊದಲ ವಾರ ಸಾತು ಕಚ್ಚಿದಳು, ಒದ್ದಳು. ಎರಡನೆಯ ವಾರ ತಾನೇ ಬಗ್ಗಿ ನಿಂತು 'ಆ' ಎಂದಳು. ತಿಂಗಳಾಗುವ ಹೊತ್ತಿಗೆ ಬುದವಂತಿ ಬಾಗಿಲಿಗೆ ಬಂದರೆ ಮಗು ಒಳಗಿನಿಂದಲೇ, "ಅಜ್ಜೀ, ಇವತ್ತು ಮೀನು ತಿಂದಿ ನೀ. ವಾಸನೆ ಬರ್ತು!" ಎಂದು ಕೂಗಿತಂತೆ. ಮಗುವಿಗೆ ವಾಸನೆ ತಿಳಿಯುತ್ತದೆಂದು ಆ ಮನೆಯಲ್ಲಿ ಅಂದು ಪಾಯಸ ಮಾಡಿದರು. ಬುದವಂತಿಗೆ ಮಕ್ಕಳಿರಲಿಲ್ಲ. ನೂರು ಮೂಗು ತೊಳೆದ ಕೈಗೆ ಈ ಮಗುವಿನ ಮೇಲೆ ಬೇರೆಯೇ ಮಮತೆ ಬಂದಿತ್ತು. ದಾರಿಯಲ್ಲಿ ಬರುತ್ತಲೇ ಅವಳು ಮೀನಿನ ವಾಸನೆ ಇದೆಯೇ ಎಂದು ತನ್ನ ಸೆರಗನ್ನು ಮೂಸಿಕೊಳ್ಳುತ್ತಿದ್ದಳು, ಮಗು ಏನು ಹೇಳೀತು ಎಂದು.

ಎರಡು ತಿಂಗಳು ಕಳೆದವು. ಇನ್ನೊಂದು ಉಳಿಯಿತು. ಆಗ ಅಮಾವಾಸ್ಯೆಯ ಭರತ ಏರಿ ಆಗರದ ಹೊರಕಟ್ಟೆ ಒಡೆಯಿತು. ವರ್ಷದ ಉಪ್ಪೆಲ್ಲ ರಾಶಿಯಲ್ಲೇ ಇತ್ತು. ಊರಿನ ಹೆಂಗಸರು ಗಂಡಸರು ಎಲ್ಲರೂ ಕಟ್ಟೆಗೆ ಓಡಿದರು, ಮಂಕಾಳಮ್ಮನೂ ಓಡಿದಳು. ಚಿಕ್ಕ ಮಕ್ಕಳ ತಾಯಂದಿರು ಮಾತ್ರ ಉಳಿದರು. ಬುದವಂತಿ ಬುಟ್ಟಿ ಹೊತ್ತುಕೊಂಡು ಹೋಗುತ್ತ ನೀಲವ್ವನ ಬೇಲಿಯ ಬಳಿ ನಿಂತಳು. ತನ್ನ ಗಿಂಡಿಯನ್ನು ಬೇಲಿಯ ಮೇಲಿನಿಂದ ಕೊಟ್ಟಳು. ಮನೆಯಲ್ಲಿ ದೀಪ ಹಚ್ಚಿ ಆಗಿತ್ತು.

ಇಲ್ಲಿ ಒಂದು ಮಾತು ತಿಳಿಯಬೇಕು. ದೀಪ ಹಚ್ಚಿದ ಮೇಲೆ ಉಪ್ಪಿನ ಹೆಸರೆತ್ತಬಾರದು, ಎತ್ತಿದರೆ ಲಕ್ಷ್ಮಿ ಮನೆ ಬಿಡುತ್ತಾಳೆ ಎಂದು ಆಗರಕೇರಿಯ ಕಟ್ಟಳೆ. ಉಪ್ಪನ್ನೇ ನಂಬಿ ಬದುಕುವ ಊರು ಅದು. ಆ ಹೊತ್ತಿನಲ್ಲಿ ಉಪ್ಪಿಗೆ ಅವರು 'ಬಿಳಿದು' ಎನ್ನುತ್ತಿದ್ದರು. ನೀಲವ್ವನ ಊರಿನಲ್ಲೂ ಅಂಥದೇ ಕಟ್ಟಳೆ ಇತ್ತು. ಆದರೆ ಅಲ್ಲಿ ಸಂಜೆಯ ಮೇಲೆ ಉಪ್ಪಿಗೆ 'ರುಚಿ' ಎಂದು ಹೆಸರು. 'ಬಿಳಿದು' ಎಂದರೆ ಎಲೆಗೆ ಹಚ್ಚುವ ಸುಣ್ಣ. ಮಂಕಾಳಮ್ಮನ ಮನೆಯಲ್ಲಿ ಸಂಜೆಯ ಅಡಿಗೆ ಅತ್ತೆಯದೇ. ಆದ್ದರಿಂದ ಈ ಮಾತು ಅತ್ತೆ ಸೊಸೆಯ ನಡುವೆ ಬರುವ ಸಂದರ್ಭವೇ ಆ ಮನೆಯಲ್ಲಿ ಒದಗಿರಲಿಲ್ಲ.

ಬುದವಂತಿ ಹೇಳಿದಳು: "ನಾಳೆಯಿಂದ ನೀನೇ ಮಾಡು. ನೀರು ಕುದಿಸಿ ಆರಿಸು. ಒಂದು ಗಿಂಡಿಗೆ ಮೂರು ಬೆರಳಲ್ಲಿ ಬಂದಷ್ಟು ಬಿಳಿದು ಹಾಕು. ಹೊತ್ತು ತಪ್ಪಿಸಬೇಡ. ಅತ್ತರೂ ಬಿಡಬೇಡ."

ಮದ್ದಿನ ಗುಟ್ಟು ಹೇಳುತ್ತಿದ್ದೇನೆಂದು ದನಿ ತಗ್ಗಿಸಿಯೇ ಹೇಳಿದಳು. ನೀಲವ್ವ ತಲೆಯಾಡಿಸಿದಳು.

ನೀಲವ್ವ ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ನೀರು ಕುದಿಸಿದಳು, ಆರಿಸಿದಳು. ಅತ್ತೆಯ ಎಲೆಯಡಿಕೆ ತಟ್ಟೆಯಿಂದ ಮೂರು ಬೆರಳಷ್ಟು ಸುಣ್ಣ ತೆಗೆದು ಕರಗಿಸಿದಳು. ಗಸಿ ಕೂರಲು ಬಿಟ್ಟಳು. ಮಗಳ ಮೂಗಿಗೆ ಒರಟು ತಾಗದಿರಲೆಂದು ತನ್ನ ಮದುವೆಯ ಸೀರೆಯ ಸೆರಗಿನಲ್ಲಿ ಸೋಸಿದಳು. ತಿಳಿಯಾದ ನೀರನ್ನು ಗಿಂಡಿಗೆ ತುಂಬಿದಳು. ಸಾತು ತಾನೇ ಬಗ್ಗಿ ನಿಂತು 'ಆ' ಎಂದಳು.

ಮಗು ಕಿರುಚಿತು. ಅತ್ತರೂ ಬಿಡಬೇಡ ಎಂದಿದ್ದರಲ್ಲ, ನೀಲವ್ವ ಬಿಡಲಿಲ್ಲ. ಹೊತ್ತು ತಪ್ಪಿಸಲಿಲ್ಲ. ಎರಡು ದಿನ, ನಾಲ್ಕು ಹೊತ್ತು.

ಮೂರನೆಯ ದಿನ ಕಟ್ಟೆ ನಿಂತಿತು. ಬುದವಂತಿ ಮೈಯ ಕೆಸರು ಕೂಡ ತೊಳೆಯದೆ ನೇರ ಆ ಮನೆಗೆ ಬಂದಳು. ಒಳಗಿನಿಂದ ಯಾರೂ ಮೀನಿನ ಮಾತೆತ್ತಲಿಲ್ಲ. ಮಗುವಿನ ಮೂಗು ತುಟಿ ಬೆಂದು ರಕ್ತ ಒಸರುತ್ತಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು.

"ಎಂತ ಹಾಕ್ದೇ?" ಎಂದು ಕೇಳಿದಳು.

"ನೀವ್ ಹೇಳಿದ್ದ ಹಾಕೇನ್ರಿ ಯಕ್ಕಾ. ಬಿಳಿದು," ಎಂದು ನೀಲವ್ವ ಸುಣ್ಣದ ಡಬ್ಬಿಯನ್ನು ತಂದು ಮುಂದಿಟ್ಟಳು. "ಕಮ್ಮಿ ಆತೇನ್ರಿ?"

ಬುದವಂತಿ ಗಿಂಡಿಯಲ್ಲಿ ಉಳಿದಿದ್ದ ನೀರನ್ನು ನಾಲಿಗೆಗೆ ಸುರಿದುಕೊಂಡಳು. ಅವಳ ನಾಲಿಗೆ ಅಂದೇ ಸುಟ್ಟು, ಸಾಯುವವರೆಗೆ ಯಾವ ರುಚಿಯೂ ತಿಳಿಯಲಿಲ್ಲ ಎನ್ನುತ್ತಾರೆ. ಅಷ್ಟಕ್ಕೆ ಯಾರ ನಾಲಿಗೆಯೂ ಸಾಯುವುದಿಲ್ಲ. ಆಮೇಲೆ ಅವಳಿಗೆ ಊಟ ರುಚಿಸಲಿಲ್ಲ ಎಂದರೆ ಕಾರಣ ಬೇರೆ.

ಒಂಬತ್ತು ದಿನ ಅವಳು ಆ ಮನೆಯಿಂದ ಕದಲಲಿಲ್ಲ. ತಿಳಿನೀರಿನಲ್ಲಿ ತೊಳೆದಳು, ತುಪ್ಪ ಹಚ್ಚಿದಳು, ಬಾಯಿಗೆ ಗಂಜಿಯ ತಿಳಿ ಬಿಟ್ಟಳು. ಬೆಂದ ದಾರಿ ಊದಿ ಮುಚ್ಚಿಕೊಂಡಿತ್ತು. ಹೊರಗೆ ಬರುತ್ತಿದ್ದ ಕೀವು ಒಳಕ್ಕೇ ತಿರುಗಿ ಕಣ್ಣಿಗೇರಿತು, ತಲೆಗೇರಿತು. ಒಂಬತ್ತನೆಯ ದಿನ ಸಂಜೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಸಾತು ತೀರಿಕೊಂಡಳು. ಆ ಹೊತ್ತು ಹೊಳೆಯ ನೀರು ಇಳಿಯದೆ ನಿಂತಿತ್ತೆಂದು ಹೇಳುತ್ತಾರೆ. ನೀರು ಇಳಿಯುವ ಹೊತ್ತಿಗೆ ಇಳಿದಿರಬೇಕು.

ಅಂಗಳದಲ್ಲಿ ಊರು ನೆರೆಯಿತು. ಮಂಕಾಳಮ್ಮ ಎದೆ ಬಡಿದುಕೊಂಡು, ಘಟ್ಟದವಳು ಬಂದು ನನ್ನ ಮೊಮ್ಮಗಳನ್ನು ಸುಟ್ಟು ಕೊಂದಳು, ಉಪ್ಪು ಯಾವುದು ಸುಣ್ಣ ಯಾವುದು ಗೊತ್ತಿಲ್ಲದವಳನ್ನು ಮನೆ ತುಂಬಿಸಿಕೊಂಡೆ ಎಂದು ಕೂಗಿದಳು. ಕೂಗುತ್ತ ಅವಳೇ ಉಪ್ಪಿನ ಹೆಸರೆತ್ತಿದ್ದು ಯಾರಿಗೂ ಕಿವಿಗೆ ಬೀಳಲಿಲ್ಲ. ನೀಲವ್ವ ಗೋಡೆಗೆ ಒರಗಿ ಮಗಳನ್ನು ಎದೆಗಿಟ್ಟುಕೊಂಡೇ ಕೂತಿದ್ದಳು. ಎಂದಿನಂತೆ, ಮಲಗಿಸದೆ.

ಬುದವಂತಿ ಎದ್ದು ಮಂಕಾಳಮ್ಮನ ಮುಂದೆ ನಿಂತಳು.

"ಅವಳಲ್ಲ, ನಾನು. ಉಪ್ಪು ಅಂತ ಹೇಳುದು ಬಿಟ್ಟು ಬಿಳಿದು ಅಂದೆ. ಇಡೀ ಎರಡು ತಿಂಗಳು ಆ ನೀರಲ್ಲಿ ಇದ್ದದ್ದು ಬರೀ ಉಪ್ಪು ಮಂಕಾಳಕ್ಕಾ. ಬೇರಿಲ್ಲ, ಮಂತ್ರ ಇಲ್ಲ. ಅದನ್ನ ಹೇಳಿದ್ರೆ ನನ್ನ ದೊಡ್ಡಸ್ತಿಕೆ ಹೋಗ್ತಿತ್ತು. ಉಪ್ಪು. ಕೇಳಿದ್ರಾ ಎಲ್ಲರೂ? ಉಪ್ಪು."

ಜನ ಕಿವಿ ಮುಚ್ಚಿಕೊಂಡರು. ಲಕ್ಷ್ಮಿ ಹೋಗುತ್ತಾಳೆ, ಬಾಯಿ ಮುಚ್ಚು ಎಂದರು.

"ಹೋದ್ರೆ ಹೋಗ್ಲಿ. ಮಗುವೇ ಹೋಯ್ತು," ಎಂದಳು ಬುದವಂತಿ.

ಆಮೇಲೆ ಬುದವಂತಿ ಹನ್ನೆರಡು ವರ್ಷ ಬದುಕಿದ್ದಳೆಂದು ಹೇಳುತ್ತಾರೆ. ಮೂಗು ತೊಳೆಯುವ ವಿದ್ಯೆಯನ್ನು ಊರಿನ ಪ್ರತಿಯೊಬ್ಬ ತಾಯಿಗೂ ಕಲಿಸಿದಳು, ಅಳತೆ ತೋರಿಸಿ, ಹೆಸರು ಹೇಳಿ, ಅವರ ಬಾಯಲ್ಲೂ ಹೇಳಿಸಿ. ಕಲಿತ ತಾಯಂದಿರ ಮಕ್ಕಳೆಲ್ಲ ಉಸಿರಾಡಿದರು. ತಾನು ಮಾತ್ರ ಗಿಂಡಿಯನ್ನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ದಿನಾ ಕೆಲಸ ಮುಗಿಸಿ ನೀಲವ್ವನ ಬೇಲಿಯ ಬಳಿ ಬಂದು ನಿಲ್ಲುತ್ತಿದ್ದಳು. ನೀಲವ್ವ ಅವಳನ್ನು ಬೈಯಲಿಲ್ಲ, ಬಾ ಎಂದೂ ಕರೆಯಲಿಲ್ಲ. ಕೆಲವರು ಕಥೆ ಹೇಳುವಾಗ ಇಬ್ಬರೂ ಕೊನೆಗೆ ತಬ್ಬಿಕೊಂಡು ಅತ್ತರೆಂದು ಸೇರಿಸುತ್ತಾರೆ. ಹಾಗೆ ಆಗಲಿಲ್ಲ. ಬುದವಂತಿ ಬೇಲಿಯ ಹೊರಗೇ ಉಳಿದಳು. ಒಂದು ದಿನ ಅವಳು ಬರಲಿಲ್ಲ. ಅಂದು ನೀಲವ್ವ ಬಾಗಿಲಿನಲ್ಲಿ ಕತ್ತಲಾಗುವವರೆಗೆ ನಿಂತಿದ್ದಳಂತೆ.

ಅದೇ ವರ್ಷ ಮಂಕಾಳಮ್ಮನ ಕಿರಿಯ ಮಗನಿಗೆ ಮದುವೆಯಾಯಿತು. ಹೆಣ್ಣು ತೆಂಕಣ ಸೀಮೆಯವಳು, ಮಾತೇ ಬೇರೆ. ಮನೆ ತುಂಬಿಸಿಕೊಂಡ ದಿನ ದೀಪ ಹಚ್ಚಿ ಆದ ಮೇಲೆ ಮುದುಕಿ ಮಂಕಾಳಮ್ಮ ಅಡಿಗೆಮನೆಯ ಒಂದೊಂದೇ ವಸ್ತುವನ್ನು ತಂದು ಹೊಸ ಸೊಸೆಯ ಮುಂದಿಟ್ಟಳು. ಪಕ್ಕದಲ್ಲಿ ನೀಲವ್ವನನ್ನೂ ಕೂರಿಸಿಕೊಂಡಳು. "ನಿಮ್ಮ ಕಡೆ ಇದಕ್ಕೆ ಎಂತ ಅಂತಾರೆ ಮಗಾ?" ಎಂದು ಕೇಳಿದಳು. ಆಮೇಲೆ ನೀಲವ್ವನ ಕಡೆ ತಿರುಗಿ, ಹದಿನೆಂಟು ವರ್ಷ ತಡವಾಗಿ, ಅವಳನ್ನೂ ಅದನ್ನೇ ಕೇಳಿದಳು.

ಆಗರಕೇರಿಯಲ್ಲಿ ಇಂದಿಗೂ ಹೊರಗಿನಿಂದ ಸೊಸೆ ಬಂದ ಮೊದಲ ಸಂಜೆಗೆ ಬುದವಂತಿ ಸಂಜೆ ಎಂದು ಹೆಸರು. ದೀಪ ಹಚ್ಚಿದ ಮೇಲೆ ಅತ್ತೆ ಉಪ್ಪು, ಸುಣ್ಣ, ಕಾಯಿ, ಬೆಲ್ಲ ಎಲ್ಲವನ್ನೂ ಮುಂದಿಟ್ಟು ಕೇಳಬೇಕು. ಸೊಸೆ ತನ್ನ ತವರಿನ ಹೆಸರು ಹೇಳಬೇಕು. ಅತ್ತೆ ಅದನ್ನು ಮೂರು ಸಲ ತಿರುಗಿ ಹೇಳಬೇಕು, ತಪ್ಪಾದರೆ ಸೊಸೆ ತಿದ್ದಬೇಕು. ಸುತ್ತ ಕೂತವರು ಯಾರೂ ನಗುವಂತಿಲ್ಲ.