ಮುಳ್ಳು ಕಂಡ ಕಬ್ಬಿಣ

ಶಾಲೆಯ ಪಾಯ ತೋಡುವ ಮುಂಚೆ ನೆಲದೊಳಗೆ ಏನಿದೆ ಎಂದು ನೋಡಲು ಸರ್ವೆಯ ಶಾಂಭವಿ ಮೇಡಂ ತಮ್ಮ ಸಾಮಾನುಗಳನ್ನು ಬಯಲಲ್ಲಿ ಇಳಿಸಿದರು. ಇಳಿಸಿದ್ದೇ ತಡ, ದಿಕ್ಸೂಚಿಯ ಮುಳ್ಳು ಉತ್ತರವನ್ನು ಬಿಟ್ಟು ಪಕ್ಕಕ್ಕೆ ತಿರುಗಿತು.

"ಕೆಳಗೆ ಕಬ್ಬಿಣದ ಬಂಡೆಯೇ ಇದೆ," ಎಂದು ಅದು ಸಾರಿತು. "ಧೈರ್ಯವಾಗಿ ಕಟ್ಟಲಿ. ಏಳು ಅಂತಸ್ತಾದರೂ ಅಲುಗುವುದಿಲ್ಲ."

ನೆಲದ ಸೆಳೆತವನ್ನು ಅಳೆಯುವ ಸ್ಪ್ರಿಂಗು ಮೆಲ್ಲಗೆ ಹೇಳಿತು: "ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಸೆಳೆತ ಕೂದಲೆಳೆಯಷ್ಟು ಕಡಿಮೆ. ಒಳಗೆ ಟೊಳ್ಳಿರಬೇಕು."

"ಕೂದಲೆಳೆಯ ಮಾತಿಗೆ ಯಾರು ಕಿವಿಗೊಡುತ್ತಾರೆ? ನನ್ನನ್ನು ನೋಡು, ಮೈಯೆಲ್ಲ ತಿರುಗಿಹೋಗಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?"

ಸ್ಪ್ರಿಂಗು ವಾದ ಬೆಳೆಸಲಿಲ್ಲ. "ಮಡಕೆಯನ್ನೇ ತಟ್ಟಿ ನೋಡದೆ ಕೊಳ್ಳುವುದಿಲ್ಲ. ನೆಲವನ್ನೂ ತಟ್ಟಲಿ, ತಾಳು."

ಶಾಂಭವಿ ಮೇಡಂ ನೆಲದ ಸದ್ದು ಕೇಳುವ ಡಬ್ಬಿಯನ್ನು ಮಣ್ಣಿಗೆ ಚುಚ್ಚಿದರು. ದಿಕ್ಸೂಚಿಗೆ ಒರಗಿಸಿದ್ದ ದೊಡ್ಡ ಸುತ್ತಿಗೆಯನ್ನು ಎತ್ತಿಕೊಂಡು, ನಲವತ್ತು ಹೆಜ್ಜೆ ಆಚೆ ಹೋಗಿ, ನೆಲಕ್ಕೆ ಬಲವಾಗಿ ಬಡಿದರು.

"ಸದ್ದು ಬಹಳ ತಡವಾಗಿ ಬಂತು," ಎಂದಿತು ಡಬ್ಬಿ. "ಗಟ್ಟಿ ಬಂಡೆಯಾಗಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಒಳಗೆ ಟೊಳ್ಳೇ."

ಮೇಡಂ ಪಾಯದ ಗೂಟ ಕಿತ್ತುಕೊಂಡು ಬೇರೆ ಜಾಗ ಹುಡುಕಲು ನಡೆದರು. ಆಗ ಮುಳ್ಳು ತನ್ನನ್ನು ತಾನು ನೋಡಿಕೊಂಡಿತು. ಯಾವಾಗಲೋ ಅದು ಮತ್ತೆ ಉತ್ತರಕ್ಕೇ ತಿರುಗಿ ನಿಂತಿತ್ತು.

"ಹಾಗಾದರೆ ನಾನು ಕಂಡ ಕಬ್ಬಿಣ ಎಲ್ಲಿ ಹೋಯಿತು?" ಎಂದು ಅದು ಕೇಳಿತು.

"ಇಷ್ಟು ಹೊತ್ತು ನಿನ್ನ ಪಕ್ಕದಲ್ಲೇ ಕೂತಿತ್ತು," ಎಂದಿತು ಸ್ಪ್ರಿಂಗು. "ಈಗ ಎದ್ದು ಕೆಲಸಕ್ಕೆ ಹೋಗಿದೆ."