ಯುಗಾದಿಗೆ ಮುಂಚಿನ ಹೋಳಿಗೆ

ಹೊಳೆದಂಡೆಯ ಮಠವದು. ಸುತ್ತಲ ಹಳ್ಳಿಯವರು ವರ್ಷಕ್ಕೊಮ್ಮೆ ದವಸ ತಂದು ಹಾಕುವುದು, ಬಂದವರಿಗೆಲ್ಲ ಮಠ ಅನ್ನ ನೀಡುವುದು, ಹೀಗೇ ನಡೆದುಕೊಂಡು ಬಂದಿತ್ತು.

ಒಂದು ವರ್ಷ ಗುರುಗಳು ಶ್ರೀಶೈಲಕ್ಕೆ ನಡೆದು ಹೊರಟರು. ಉಗ್ರಾಣದ ಬೀಗದಕೈಯನ್ನು ಶಿಷ್ಯ ಪರ್ವತಯ್ಯನ ಕೈಗಿಟ್ಟರು. ಶಾಸ್ತ್ರವೆಲ್ಲ ಅವನ ನಾಲಿಗೆ ತುದಿಯಲ್ಲಿತ್ತು. ಕೂಡಿ ಕಳೆಯುವುದೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

“ನನಗೆ ಲೆಕ್ಕ ಬರೋಲ್ಲ, ಬುದ್ಧಿ.”

“ಬರೆಯೋಕೆ ಕರಣಿಕ ಇದ್ದಾನೆ. ಯಾಕೆ ಅಂತ ಕೇಳೋಕೆ ನೀನು.”

ಯುಗಾದಿ ಹತ್ತಿರ ಬಂತು. ಉಗ್ರಾಣದಲ್ಲಿ ಇನ್ನೂ ಮೂಟೆಗಳಿದ್ದವು. ಕರಣಿಕ ಪಕ್ಕಕ್ಕೆ ಕರೆದು ಹೇಳಿದ: “ಸ್ವಾಮಿ, ವರ್ಷ ಮುಗಿಯೋದರೊಳಗೆ ಖಾಲಿ ಮಾಡಿಬಿಡಿ. ಉಳಿದದ್ದು ಕಂಡರೆ ಊರವರು ಮುಂದಿನ ಸಲ ಅಷ್ಟು ಕಮ್ಮಿ ಕೊಡ್ತಾರೆ.”

ಪರ್ವತಯ್ಯನಿಗೆ ಹೌದೆನ್ನಿಸಿತು. ತನ್ನ ಕೈಯಲ್ಲಿ ಮಠದ ಪಾಲು ಕಮ್ಮಿಯಾಯಿತೆಂಬ ಮಾತು ಬರಬಾರದಲ್ಲ. ಅಂದಿನಿಂದ ಎರಡು ಹೊತ್ತೂ ಹೋಳಿಗೆ. ತಿಂದವರೇ ತಿಂದರು. ಸಾಕು ಸಾಕೆಂದವರ ಎಲೆಗೂ ಬಿತ್ತು. ಹಬ್ಬದ ಹೊತ್ತಿಗೆ ಉಗ್ರಾಣ ಗುಡಿಸಿಟ್ಟಂತಾಗಿ, ಅವನಿಗೂ ನಿರಾಳವಾಯಿತು.

ಹಬ್ಬ ಕಳೆದು ಬಿಸಿಲೇರಿತು. ಹೊಸ ದವಸ ಇನ್ನೂ ಬಂದಿರಲಿಲ್ಲ. ಗುರುಗಳು ಮರಳಿದರು. ಅವರ ಹಿಂದೆಯೇ ಶ್ರೀಶೈಲದಿಂದ ಹಿಂತಿರುಗುವ ಯಾತ್ರಿಕರು, ಅಂಗಾಲೆಲ್ಲ ಬೊಬ್ಬೆ, ಹೆಗಲ ಮೇಲೆ ಮಕ್ಕಳು.

“ಎಲೆ ಹಾಕಿಸು, ಪರ್ವತಯ್ಯ.”

ಪರ್ವತಯ್ಯ ನೆಲ ನೋಡಿದ. “ಉಗ್ರಾಣ ಖಾಲಿ, ಬುದ್ಧಿ.” ಯಾಕೆ ಖಾಲಿಯೆಂಬುದನ್ನೂ ಮುಚ್ಚಿಡದೆ ಹೇಳಿದ.

ಗುರುಗಳು ಬೈಯಲಿಲ್ಲ. “ಇದನ್ನೇ ಅವರಿಗೂ ಹೇಳಿ ಬಾ,” ಎಂದರು.

ಅಂಗಳಕ್ಕೆ ಹೋದ. ಒಬ್ಬ ಹೆಂಗಸು ಮಗುವಿಗೆ ನೀರು ಕುಡಿಸುತ್ತ, “ತಡಿ ಮಗ, ಇನ್ನೇನು ಕರೀತಾರೆ,” ಎನ್ನುತ್ತಿದ್ದಳು. ಅವನನ್ನು ಕಂಡು, “ಎಲೆ ಹಾಕಿದ್ರಾ ಅಪ್ಪಾ?” ಎಂದಳು. ಪರ್ವತಯ್ಯ ಮಗುವಿನ ಮುಖವನ್ನೊಮ್ಮೆ ನೋಡಿದ. ಹಾಗೇ ಹಿಂತಿರುಗಿದ.

“ಹೇಳಿದೆಯಾ?”

“ಆಗಲಿಲ್ಲ ಬುದ್ಧಿ. ನಾಚಿಕೆಯಾಯ್ತು.”

ಗೂಟದಲ್ಲಿದ್ದ ಜೋಳಿಗೆಯನ್ನು ಹೆಗಲಿಗೇರಿಸಿಕೊಂಡ. “ಹಳ್ಳಿಗೆ ಹೋಗಿ ಬೇಡಿ ತರ್ತೀನಿ. ಕೊಟ್ಟದ್ದೆಲ್ಲ ಏನಾಯ್ತು ಅಂತ ಅವರು ಕೇಳೇ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ.”

ಬೀಗದಕೈಯನ್ನು ಗುರುಗಳ ಪಾದದ ಬಳಿ ಇಟ್ಟ. “ಇದನ್ನ ಬೇರೆಯವರಿಗೆ ಕೊಡಿ. ಲೆಕ್ಕ ಬರೋಲ್ಲ ಅಂತ ಅವತ್ತೇ ಹೇಳಿದ್ದೆ.”

ಗುರುಗಳು ಬೀಗದಕೈ ಎತ್ತಿ ಅವನ ಜೋಳಿಗೆಯೊಳಗೆ ಹಾಕಿದರು.

“ಈಗ ಬಂತಲ್ಲ, ಹೋಗು.”