ಮಾತಿನ ಸಣ್ಣೀರ ಸುಮ್ಮನೆ ಮಲಗಿದ್ದು

ಲೇ ಗಂಗಿ, ಕಾಲು ಒದೆಯೋದು ನಿಲ್ಲಿಸೇ, ಕಂಬಳಿ ಎಲ್ಲಾ ಆ ಕಡೆ ಹೋಯ್ತು. ಅಲುಗಾಡದೆ ಮಲಗಿದ್ರೆ ಕತೆ, ಇಲ್ಲಾಂದ್ರೆ ಇಲ್ಲ. ನಾನು ಹೇಳೋ ಕತೆನ ಈ ಸೀಮೆಯಲ್ಲಿ ಇನ್ನೊಬ್ಬಳು ಹೇಳಲಿ ನೋಡೋಣ, ನನ್ನ ಮೂಗುಬಟ್ಟು ಬಿಚ್ಚಿ ಅವಳಿಗೇ ಕೊಟ್ಟುಬಿಡ್ತೀನಿ. ಹೂಂ, ಹೂಂಗುಟ್ಟು ಮತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮೂರ ಕೆರೆ ಮಣ್ಣಿನ ಮಡಿಕೆಗೆ ರಾಜರ ಅಡುಗೆಮನೆಯೂ ಕಾದು ಕೂತಿರ್ತಿದ್ದ ಕಾಲದಲ್ಲಿ, ಗಿರಿಯವ್ವ ಅಂತ ಒಬ್ಬಳು ಕುಂಬಾರಗಿತ್ತಿ ಇದ್ದಳಂತೆ. ಗಂಡ ತೀರಿಹೋಗಿದ್ದ, ಮೂರು ಜನ ಗಂಡುಮಕ್ಕಳಂತೆ. ದೊಡ್ಡವನು ಕದ್ರಪ್ಪ, ಅವನದು ಗಟ್ಟಿ ಕೈ. ನಡುವಲವನು ಓಬಳ, ಅವನದು ಚುರುಕು ಕೈ. ಕಿರಿಯವನು ಸಣ್ಣೀರ, ಅವನದು ಬಾಯಿ. ಎಂಥ ಬಾಯಿ ಅಂತೀಯ, ನಾನು ತಿಗುರಿ ತಿರುಗಿಸಿದ್ರೆ ಸೂರ್ಯ ನಿಂತು ನೋಡ್ತಾನೆ, ಅದಕ್ಕೇ ನಮ್ಮೂರಲ್ಲಿ ಹಗಲು ಜಾಸ್ತಿ ಅಂತಿದ್ದನಂತೆ. ನಿಂತಲ್ಲಿ ನಿಲ್ಲೋನಲ್ಲ, ಕೂತಲ್ಲಿ ಕೂರೋನಲ್ಲ, ನಿದ್ದೆಯಲ್ಲೂ ಮಾತಾಡೋನಂತೆ. ಹಂಗಂತ ಬರೀ ಬಾಯಲ್ಲ ಕಣೇ, ಆಳು ಒಳಗೆ ಕೂರೋಷ್ಟು ದೊಡ್ಡ ಗುಡಾಣ ಮಾಡಿ, ಊರವರ ಕೈಲಿ ಬೆಳ್ಳಿ ಕಡಗ ಹಾಕಿಸ್ಕೊಂಡಿದ್ದ. ಆ ಕಡಗದ ಕೈ ಬೀಸ್ಕೊಂಡೇ ಊರೆಲ್ಲಾ ತಿರುಗೋನು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತಂತೆ. ಆವಿಗೆ ಅಂದ್ರೆ ಗೊತ್ತಲ್ಲ, ಹಸಿ ಮಡಿಕೆ ಒಟ್ಟಿ, ಸೌದೆ ಹುಲ್ಲು ಮುಚ್ಚಿ ಸುಡೋ ಗೂಡು. ಆವಿಗೆಗೆ ಬೆಂಕಿ ಇಟ್ಟ ಮೇಲೆ ಅದು ಆರೋವರೆಗೂ ಮನೆಯವರು ಯಾರೂ ಬೇಲಿ ದಾಟಬಾರದು, ದಾಟಿದ್ರೆ ಒಳಗಿನ ಮಡಿಕೆ ಎಲ್ಲಾ ಬಿರುಕು ಬಿಡ್ತವೆ ಅಂತ. ತಾತನ ತಾತನ ಕಾಲದ್ದು, ಯಾಕೆ ಏನು ಅಂತ ಯಾರೂ ಕೇಳಿರಲಿಲ್ಲ.

ಒಂದಿನ ಬೆಳಗ್ಗೆ ವರ್ಷದ ದೊಡ್ಡ ಆವಿಗೆಗೆ ಬೆಂಕಿ ಇಟ್ಟರಂತೆ. ಆಮೇಲೆ ಗಿರಿಯವ್ವ ಸಣ್ಣೀರನಿಗೆ, ಸೌದೆ ತಗೊಂಡು ಬಾ ಮಗ, ಮೊದಲು ಕೋಲಲ್ಲಿ ತಟ್ಟು ಅಂದಳಂತೆ. ಅವನು ತಟ್ಟೋನೇ? ನನ್ನ ಹೆಸರು ಕೇಳಿದ್ರೆ ಹಾವು ಹುತ್ತದ ಬಾಯಿ ಮುಚ್ಕೊಂಡು ಒಳಗೆ ಕೂರುತ್ತೆ ಅಂತ ಹೇಳಿ, ಕಡಗದ ಕೈನೇ ಸೌದೆ ರಾಶಿಗೆ ತೂರಿಸಿದನಂತೆ. ಒಳಗೆ ಕಮ್ಮಾರನ ತಿದಿ ಊದಿದಂಗೆ ಬುಸ್ ಅಂತಂತೆ. ಕೊಳಕುಮಂಡಲ ಕಣೇ! ಅದಕ್ಕೆ ಇವನ ಹೆಸರು ಗೊತ್ತಿರಲಿಲ್ಲ ಅಂತ ಕಾಣುತ್ತೆ, ಹೆಬ್ಬೆರಳ ಬುಡಕ್ಕೆ ಕಚ್ಚಿ ಹರಿದುಹೋಯ್ತಂತೆ.

ಅವ್ವಾ ಅಂತ ಕೂಗಿದ್ದಕ್ಕೆ ಮೂವರೂ ಓಡಿಬಂದರು. ಕದ್ರಪ್ಪ ಮಡಿಕೆ ಕೊಯ್ಯೋ ದಾರ ತಂದು, ತೋಳಿಗೆ ಬಿಗಿಯಾಗಿ ಕಟ್ತೀನಿ, ನಾಳೆ ಆವಿಗೆ ಆರಿದ ಮೇಲೆ ಮದ್ದಿಗೆ ಹೋಗೋಣ ಅಂದನಂತೆ. ಓಬಳ ಕತ್ತಿ ತಂದು, ಕಚ್ಚಿದ ಜಾಗ ಕೊಯ್ದು ವಿಷ ಹೀರಿ ಉಗೀತೀನಿ ಅಂದನಂತೆ. ಸಣ್ಣೀರ ಕುಣಿದಾಡ್ತಾ, ಬಿಡ್ರೋ, ಊರು ಮೂರು ಸುತ್ತು ಓಡಿದ್ರೆ ವಿಷ ಬೆವರಾಗಿ ಹೋಗುತ್ತೆ, ನಾನ್ಯಾರು ಅಂತ ತಿಳ್ಕೊಂಡಿದ್ದೀರಿ ಅಂದನಂತೆ.

ಗಿರಿಯವ್ವ ಮೂವರ ಮೇಲೂ ಗದರಿದಳು. ದಾರ ಕೆಳಗಿಡೋ, ಕತ್ತಿ ಕೆಳಗಿಡೋ, ನೀನು ಮಲಗೋ! ನಿಮ್ಮಪ್ಪನಿಗೂ ಹಿಂಗೇ ಕಚ್ಚಿತ್ತು. ಕಟ್ಟಿದ್ವಿ, ಕೈ ಕಪ್ಪಾಯ್ತು. ಕೊಯ್ದ್ವಿ, ರಕ್ತ ನಿಲ್ಲಲೇ ಇಲ್ಲ. ನಿದ್ದೆ ಬಾರದಿರಲಿ ಅಂತ ನಡೆಸಾಡಿಸಿದ್ವಿ. ಆವಿಗೆ ಆರಲಿ ಅಂತ ಒಂದಿನ ಕಾಯ್ದು ಹಾವಿನ ಮದ್ದು ಕೊಡೋ ಕುದುರೆ ಮಾರಕ್ಕನ ಹತ್ರ ಹೊತ್ಕೊಂಡು ಹೋದ್ರೆ, ಅವಳು ಎದೆ ಮುಟ್ಟಿ ನೋಡಿ ಏನಂದಳು ಗೊತ್ತಾ? ಕಟ್ಟದೆ, ಕೊಯ್ಯದೆ, ಕುಣಿಸದೆ ನಿನ್ನೆನೇ ತಂದಿದ್ರೆ ಬದುಕ್ತಿದ್ದ ಕಣಮ್ಮ ಅಂದಳು. ಆ ಮಾತು ಹನ್ನೆರಡು ವರ್ಷದಿಂದ ನನ್ನ ಎದೆಯಲ್ಲಿ ಬೇಯ್ತಾ ಇದೆ ಅಂದಳಂತೆ.

ಕದ್ರಪ್ಪ ಆವಿಗೆ ಕಡೆ ನೋಡಿ, ಅವ್ವ, ಬೇಲಿ ದಾಟಿದ್ರೆ ವರ್ಷದ ಮಡಿಕೆ ಎಲ್ಲಾ ಹೋಗುತ್ತಲ್ಲ ಅಂದನಂತೆ. ಹೋಗಲಿ ಬಿಡು, ಕೆರೆಯಲ್ಲಿ ಮಣ್ಣಿದೆ, ಮಂಚ ತಾ ಅಂದಳಂತೆ.

ಆಮೇಲೆ ಏನು ಮಾಡಿದಳು ಅಂದ್ರೆ, ಕೈ ಊದೋ ಮುಂಚೆ ಹರಳೆಣ್ಣೆ ಸವರಿ ಕಡಗ ಜಾರಿಸಿ ತೆಗೆದಳಂತೆ. ಮಡಿಕೆ ತಟ್ಟೋ ಹಲಗೆ ಮೇಲೆ ಕೈ ನೆಟ್ಟಗೆ ಇಟ್ಟು, ಹಳೇ ಸೀರೆ ಹರಿದು, ಬೆರಳು ತೂರೋಷ್ಟು ಸಡಿಲವಾಗಿ ಸುತ್ತಿದಳಂತೆ. ಇಬ್ಬರು ಅಣ್ಣಂದಿರು ಮಂಚ ಹೊತ್ತರು, ಅವಳು ಎರಡೂ ಕೈಯಲ್ಲಿ ಆ ಹಲಗೆ ಹಿಡ್ಕೊಂಡು ಪಕ್ಕದಲ್ಲೇ ನಡೆದಳು. ಮಗ, ಮಾರಕ್ಕನ ಗುಡಿಸಲು ಎರಡು ಹರದಾರಿ. ಅಲ್ಲಿವರೆಗೂ ಅಲುಗಾಡಬೇಡ, ಬಾಯಿ ಬಿಡಬೇಡ, ಹೆದರಬೇಡ. ನೀನು ಕುಣಿದಷ್ಟೂ ವಿಷ ಕುಣಿಯುತ್ತೆ ಅಂದಳಂತೆ. ಗಂಗಿ, ನೋಡು, ಆ ಬಾಯಿಬಡುಕನಿಗೆ ಹಾವು ಕಚ್ಚಿದ್ದಕ್ಕಿಂತ ಇದೇ ಕಷ್ಟ ಆಯ್ತಂತೆ!

ಸ್ವಲ್ಪ ದೂರ ಹೋದ್ರೆ ಒಬ್ಬ ಗಡ್ಡದ ಮಂತ್ರಗಾರ ಅಡ್ಡ ಬಂದ. ಮಂಚ ಇಳಿಸಿ, ಇವನನ್ನ ಎಬ್ಬಿಸಿ, ಬೇವಿನ ಸೊಪ್ಪು ತಿಂದು ಹುತ್ತಕ್ಕೆ ಏಳು ಸುತ್ತು ಬರಲಿ, ವಿಷ ಇಳಿಸ್ತೀನಿ ಅಂದನಂತೆ. ಏಳೇನು, ಎಪ್ಪತ್ತು ಸುತ್ತು ಬರ್ತೀನಿ ಅನ್ನೋಕೆ ಸಣ್ಣೀರನ ನಾಲಗೆ ತುದಿವರೆಗೂ ಬಂತು. ಅವ್ವ ತಲೆ ಅಲ್ಲಾಡಿಸಿದಳು, ಮಾತು ನುಂಗಿಕೊಂಡನಂತೆ.

ಇನ್ನೂ ಸ್ವಲ್ಪ ದೂರ ಹೋದ್ರೆ ಒಂದು ನೊಣ ಬಂದು ಮೂಗಿನ ತುದಿ ಮೇಲೆ ಕೂತಿತಂತೆ. ಅವ್ವನ ಎರಡೂ ಕೈ ಹಲಗೆಗೆ, ಅಣ್ಣಂದಿರ ಕೈ ಮಂಚಕ್ಕೆ, ಓಡಿಸೋರು ಯಾರು? ಅದು ಮೂಗಿನ ಮೇಲೆ ಸಂಸಾರ ಹೂಡಿದಂಗೆ ಕಾಲು ಉಜ್ಜಿಕೊಂಡು ಕೂತಿತು. ಸಣ್ಣೀರನಿಗೆ ಆನೆನೇ ಕೂತಂಗಾಯ್ತಂತೆ. ಆದ್ರೂ ಅಲುಗಲಿಲ್ಲ. ನಗಬೇಡ್ವೇ, ನಿನ್ನ ಮೂಗಿನ ಮೇಲೆ ಕೂತಿದ್ರೆ ಗೊತ್ತಾಗ್ತಿತ್ತು.

ಆಮೇಲೆ ಹಳ್ಳ ದಾಟೋ ಕಡೆ ಪಕ್ಕದೂರ ಕುಂಬಾರ ಪಾತಲಿಂಗ ಎದುರಾದ, ಕತ್ತೆ ಮೇಲೆ ಮಡಿಕೆ ಹೇರ್ಕೊಂಡು. ಅವನಿಗೂ ಸಣ್ಣೀರನಿಗೂ ಹುಟ್ಟಿದಾಗಿಂದ ಪೈಪೋಟಿ. ಏನೋ ಬಾಯಿಬಡುಕ, ಮದುವೆಗಂಡಿನಂಗೆ ಮಂಚದ ಮೇಲೆ ಹೊರಟಿದ್ದೀಯ? ನಿನ್ನ ಗುಡಾಣದಲ್ಲಿ ಇಲಿ ಕೂತರೆ ಬಾಲ ಹೊರಗಿರುತ್ತಂತೆ, ಹೌದೇನೋ? ಗುಡಾಣ ಅಂದ್ರೆ ನನ್ನದು, ಅಲ್ಲ ಅನ್ನು ನೋಡೋಣ ಅಂದನಂತೆ.

ಸಣ್ಣೀರನ ಕಣ್ಣಂಚಿಂದ ಒಂದು ಹನಿ ಕಿವಿಗೆ ಇಳೀತಂತೆ. ಗಿರಿಯವ್ವ ಬಗ್ಗಿ, ಇವತ್ತು ಸುಮ್ಮನಿರು ಮಗ, ಇದಕ್ಕೆ ಉತ್ತರ ಕೊಡೋಕೆ ನಾಳೆ ನೀನು ಇರಬೇಕು ಅಂದಳಂತೆ. ಅವನು ತುಟಿ ಕಚ್ಕೊಂಡು ಕಣ್ಣು ಮುಚ್ಚಿದ. ಸಣ್ಣೀರ ಸುಮ್ಮನಿದ್ದಾನೆ ಅಂದ್ರೆ ಏನೋ ಆಗಿದೆ ಅಂತ ಪಾತಲಿಂಗ ಹತ್ರ ಬಂದು ನೋಡಿದ, ಕೈ ಕುಂಬಳಕಾಯಿ ಆಗಿತ್ತು, ಹಲ್ಲಿನ ಸಂದಿಯಲ್ಲಿ ರಕ್ತ ಜಿನುಗ್ತಿತ್ತು. ಕತ್ತೆನ ಅಲ್ಲೇ ಜಾಲಿ ಮರಕ್ಕೆ ಕಟ್ಟಿ, ಮಂಚಕ್ಕೆ ಹೆಗಲು ಕೊಟ್ಟನಂತೆ.

ಮಾರಕ್ಕ ಗುಡ್ಡದ ಬುಡದಲ್ಲಿ ಒಂದು ಬಿಳಿ ಕುದುರೆ ಸಾಕಿದ್ದಳಂತೆ. ಆ ಕುದುರೆಗೆ ಹಾವಿನ ವಿಷ ಮೊದಲು ರಾಗಿ ಕಾಳಷ್ಟು, ಆಮೇಲೆ ಜೋಳದ ಕಾಳಷ್ಟು, ಆಮೇಲೆ ಹುಣಸೆ ಬೀಜದಷ್ಟು ಕೊಟ್ಟು ಕೊಟ್ಟು ಪಳಗಿಸಿದ್ದಳಂತೆ. ಕುದುರೆ ಸಾಯಲ್ವಾ ಅಂತೀಯ? ಸಾಯಲ್ಲ, ಅದರ ರಕ್ತ ವಿಷದ ಜೊತೆ ಕುಸ್ತಿ ಆಡೋದು ಕಲಿಯುತ್ತೆ. ಅದು ಮಾರಕ್ಕನ ವಿದ್ಯೆ, ನಾವು ನೀವು ಮಾಡೋ ಕೆಲಸ ಅಲ್ಲ. ಆ ರಕ್ತ ಸ್ವಲ್ಪ ತೆಗೆದಿಟ್ರೆ ತಿಳಿಯಾಗಿ ಮೇಲೆ ನಿಲ್ಲೋ ಹೊನ್ನಿನ ಬಣ್ಣದ ನೀರೇ ಮದ್ದು.

ಮಾರಕ್ಕ ಮೂರು ಮಾತು ಕೇಳಿದಳಂತೆ. ಕಟ್ಟಿದ್ರಾ? ಇಲ್ಲ. ಕೊಯ್ದ್ರಾ? ಇಲ್ಲ. ಕುಣಿಸಿದ್ರಾ? ಇಲ್ಲ ತಾಯಿ, ಮಾತೂ ಆಡಿಸಿಲ್ಲ. ಹಂಗಾದ್ರೆ ನನ್ನ ಕೆಲಸ ಅರ್ಧ ನೀವೇ ಮಾಡಿದ್ದೀರಿ ಅಂತ ಹೇಳಿ, ಮುಳ್ಳುಹಂದಿಯ ಟೊಳ್ಳು ಮುಳ್ಳಲ್ಲಿ ಆ ನೀರು ತುಂಬಿ, ತೋಳಿನ ನರಕ್ಕೆ ಇಳಿಸಿದಳಂತೆ. ಒಂದು ಸಲ ಸಾಲಲಿಲ್ಲ, ಎರಡು ಸಲ ಸಾಲಲಿಲ್ಲ, ಮೂರನೇ ಸಲಕ್ಕೆ ಹಲ್ಲಿನ ರಕ್ತ ನಿಂತಿತಂತೆ.

ಮೂರನೇ ದಿನ ಕಣ್ಣು ಬಿಟ್ಟ. ಇನ್ನು ಮಾತಾಡಬಹುದು ಅಂತ ಮಾರಕ್ಕ ಹೇಳಿದ್ದೇ ತಡ, ಬಾಗಿಲಲ್ಲಿ ಕೂತಿದ್ದ ಪಾತಲಿಂಗನ ಕಡೆ ತಿರುಗಿ, ಲೋ, ನನ್ನ ಗುಡಾಣದಲ್ಲಿ ನಿನ್ನ ಕತ್ತೆ ಮದುವೆ ಮಾಡಿ, ಬೀಗರಿಗೆಲ್ಲಾ ಅಲ್ಲೇ ಊಟಕ್ಕೆ ಹಾಕಬಹುದು ಕಣೋ ಅಂದನಂತೆ. ಪಾತಲಿಂಗ ನಕ್ಕು ನಕ್ಕು ಅತ್ತನಂತೆ. ಆ ಕಡಗ ಊದಿದ ಕೈಗೆ ಹಿಡಿಯಲಿಲ್ಲ, ಸಣ್ಣೀರ ಅದನ್ನ ದಾರಕ್ಕೆ ಪೋಣಿಸಿ ಬಿಳಿ ಕುದುರೆ ಕೊರಳಿಗೆ ಕಟ್ಟಿ ಬಂದ.

ಮನೆಗೆ ಬಂದು ನೋಡಿದ್ರೆ ಆವಿಗೆ ತಣ್ಣಗಾಗಿತ್ತು. ಗಿರಿಯವ್ವ ಬೂದಿ ಸರಿಸಿ ಒಂದೊಂದೇ ಮಡಿಕೆ ತೆಗೆದು ಬೆರಳಲ್ಲಿ ತಟ್ಟಿದಳಂತೆ. ಟಣ್ ಅಂತು. ಇನ್ನೊಂದು, ಟಣ್. ವರ್ಷಾ ವರ್ಷಾ ಬೇಲಿ ದಾಟದೆ ಕಾಯ್ದಾಗ ಹತ್ತೋ ಹನ್ನೆರಡೋ ಒಡೀತಿದ್ದವು. ಈ ಸಲ ಒಡೆದದ್ದು ಹನ್ನೊಂದು. ಅಷ್ಟೇ. ಗಿರಿಯವ್ವ ಒಂದು ಗಟ್ಟಿ ಮಡಿಕೆ ಮಡಿಲಲ್ಲಿಟ್ಕೊಂಡು, ಇದಕ್ಕೇನಾ ಅವತ್ತು ನಿಮ್ಮಪ್ಪನ್ನ ಒಂದಿನ ಕಾಯಿಸಿದ್ದು ಅಂತ ಬೂದಿಯಲ್ಲೇ ಕೂತುಬಿಟ್ಟಳಂತೆ. ಸಣ್ಣೀರ ಬಂದು ಪಕ್ಕದಲ್ಲಿ ಕೂತ. ಈ ಸಲ ಯಾರೂ ಹೇಳಲಿಲ್ಲ, ಆದ್ರೂ ಸುಮ್ಮನೇ ಕೂತಿದ್ದನಂತೆ.

ಆಮೇಲೆ ಆ ಮನೆ ಕಟ್ಟಳೆ ಬದಲಾಯ್ತು. ಆವಿಗೆಗೆ ಬೆಂಕಿ ಇಡೋ ದಿನ ಮೊದಲು ಒಂದು ಖಾಲಿ ಮಂಚ ಅಂಗಳಕ್ಕೆ ತಂದಿಟ್ಟು, ಬೇಲಿ ಬಾಗಿಲು ತೆಗೆದಿಟ್ಟು, ಆಮೇಲೇ ಬೆಂಕಿ ಇಡೋರಂತೆ. ಸೌದೆ ರಾಶಿಗೆ ಕೋಲಲ್ಲಿ ತಟ್ಟೋ ಕೆಲಸ ಸಣ್ಣೀರನದೇ. ಈಗ ಆ ಕುದುರೆ ಮದ್ದು ದೊಡ್ಡಾಸ್ಪತ್ರೆಯಲ್ಲಿ ಸೀಸೆಯಲ್ಲೇ ಇರುತ್ತೆ ಕಣೇ, ಮಂಚವೂ ಬೇಡ, ಗಾಡಿ ಹತ್ತಿಸಿದ್ರೆ ಸಾಕು, ಕಾಯಬಾರದು ಅಷ್ಟೇ.

ಸಣ್ಣೀರನ ಬಾಯಿ ಕಮ್ಮಿ ಆಯ್ತಾ ಅಂತೀಯ? ಎಲ್ಲಿ ಬಂತು! ಮುದುಕ ಆಗೋವರೆಗೂ ಕಟ್ಟೆ ಮೇಲೆ ಕೂತು, ಗುಡಾಣ ಯಾರು ಬೇಕಾದ್ರೂ ಮಾಡ್ತಾರೆ ಬಿಡ್ರೋ, ಮೂಗಿನ ಮೇಲೆ ನೊಣ ಕೂತರೂ ಎರಡು ಹರದಾರಿ ಅಲುಗಾಡದೆ ಮಲಗೋ ಗಂಡು ಈ ಏಳು ಸೀಮೆಗೆ ನಾನೊಬ್ಬನೇ ಅಂತ ಜಂಬ ಕೊಚ್ಚೋನಂತೆ. ಅವನು ಹಂಗೇ ಸುಖವಾಗಿ ಮಾತಾಡ್ಕೊಂಡಿದ್ದ, ನಾವು ಇಲ್ಲಿ ಹಿಂಗೇ ಸುಖವಾಗಿ ಮಲಕ್ಕೊಂಡಿದ್ದೀವಿ.

ಅವನೊಬ್ಬನೇನಾ, ಗಂಗಿ? ನೀನೂ ಮಲಗಿ ತೋರಿಸ್ತೀಯಲ್ಲ?

ಗಂಗೀ?

ಓಹೋ, ಹೂಂಗುಟ್ಟೋದೇ ನಿಂತಿದೆ. ಸಣ್ಣೀರನ್ನೂ ಮೀರಿಸಿಬಿಟ್ಟಳು ನನ್ನ ಮೊಮ್ಮಗಳು. ಆವಿಗೆಯೂ ಆರಿತು, ಕತೆಯೂ ಮುಗೀತು.